ಯುದ್ಧಚಿತ್ರಗಳ ಮತ್ತು ಹಾಸ್ಯದ ಕೌಬಾಯ್ ಚಿತ್ರಗಳ ಸಂಗೀತ ಮರುಬಿಡುಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್, ಬ್ರಿಟಿಷ್ ಮತ್ತು ಇಟಾಲಿಯನ್ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಬಹಳ ವರ್ಷಗಳಿಂದ ಕೂಡಿಡುತ್ತ ಬಂದಿದ್ದೇನೆ. ಮನೆಗೆ ಬಂದು ಕಪಾಟು ನೋಡಿದವರು, ಪತ್ರ ಬರೆದವರು, ಪ್ರತಿಕ್ರಿಯೆ ಕಳಿಸಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿದ್ದೇನೆ. ಹೊಸಬರು ಮೊದಲಿನಿಂದ ಓದಬಹುದು. ಬಲ್ಲವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಸೌಂಡ್‌ಟ್ರ್ಯಾಕ್ ಆಲ್ಬಮ್ ಅಂದರೆ ಸಿನಿಮಾ ಹಾಡುಗಳ ಕ್ಯಾಸೆಟ್ ತಾನೇ?

ನಮ್ಮಲ್ಲಿ ‘ಚಿತ್ರಸಂಗೀತ’ ಎಂದೊಡನೆ ಹಾಡುಗಳೇ ನೆನಪಾಗುವುದರಿಂದ ಈ ಪ್ರಶ್ನೆ ಸಹಜ. ಆದರೆ ಇಲ್ಲಿ ಮಾತಾಡುತ್ತಿರುವುದು ಹೆಚ್ಚಾಗಿ ಹಾಡಿಲ್ಲದ ಸಂಗೀತದ ಬಗ್ಗೆ. ಸೈನಿಕರು ಸುರಂಗ ತೋಡುವಾಗ, ವಿಮಾನಗಳು ಮೋಡ ಸೀಳಿ ಇಳಿಯುವಾಗ, ಕುದುರೆಗಳು ಧೂಳೆಬ್ಬಿಸಿ ಓಡುವಾಗ ಹಿಂದೆ ಕೇಳುವ ವಾದ್ಯಮೇಳವನ್ನು ಸಂಯೋಜಕರು ದೃಶ್ಯದ ಸೆಕೆಂಡುಗಳನ್ನು ಲೆಕ್ಕ ಹಾಕಿ ಬರೆದಿರುತ್ತಾರೆ. ಆ ಸಂಗೀತವನ್ನು ಚಿತ್ರದಿಂದ ಬೇರ್ಪಡಿಸಿ ಕೇಳುವುದಕ್ಕೆಂದೇ ಹೊರತಂದದ್ದು ಸೌಂಡ್‌ಟ್ರ್ಯಾಕ್ ಆಲ್ಬಮ್. ಮಾರಾಟಕ್ಕೆ ಅನುಕೂಲವಾಗಲೆಂದು ಅದರಲ್ಲಿ ಒಂದೋ ಎರಡೋ ಹಾಡು ಸೇರಿರುವುದುಂಟು.

ಚಿತ್ರದಲ್ಲಿ ಕೇಳಿದ್ದೇ ತಟ್ಟೆಯಲ್ಲೂ ಇರುತ್ತದೆಯೇ?

ಬಹಳ ಸಲ ಇರುವುದಿಲ್ಲ, ಮತ್ತು ಈ ಬರಹದ ಮುಕ್ಕಾಲು ಪಾಲು ವಿಷಯ ಹುಟ್ಟುವುದೇ ಈ ವ್ಯತ್ಯಾಸದಿಂದ. 1960ರ ದಶಕದ ಎಲ್‌ಪಿಯ (ಗ್ರಾಮಫೋನಿನಲ್ಲಿ ನುಡಿಸುವ ದೊಡ್ಡ ತಟ್ಟೆಯ) ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 20 ನಿಮಿಷಗಳ ಸಂಗೀತ. ಆದ್ದರಿಂದ ಸಂಯೋಜಕರು ಚಿಕ್ಕ ಚಿಕ್ಕ ತುಣುಕುಗಳನ್ನು ಕೈಬಿಟ್ಟು, ಉಳಿದವನ್ನು ಕೇಳಲು ಹಿತವಾಗುವಂತೆ ಹೊಂದಿಸಿ, ಅನೇಕ ವೇಳೆ ಬೇರೊಂದು ದಿನ ವಾದ್ಯಮೇಳವನ್ನು ಕೂರಿಸಿ ಹೊಸದಾಗಿಯೇ ನುಡಿಸಿ ಮುದ್ರಿಸುತ್ತಿದ್ದರು. 1970ರ ‘ಪ್ಯಾಟನ್’ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 170 ನಿಮಿಷಗಳ ಆ ಚಿತ್ರಕ್ಕೆ ಜೆರ್ರಿ ಗೋಲ್ಡ್‌ಸ್ಮಿತ್ ಬರೆದದ್ದು ಹೆಚ್ಚುಕಡಿಮೆ ಅರ್ಧ ಗಂಟೆಯ ಸಂಗೀತ. ತುತ್ತೂರಿಯ ಮೂರು ಸ್ವರಗಳನ್ನು ಪ್ರತಿಧ್ವನಿ ಯಂತ್ರದಲ್ಲಿ ಹಾಯಿಸಿ, ಅವು ದೂರದ ಯಾವುದೋ ಯುದ್ಧಭೂಮಿಯಿಂದ ತೇಲಿ ಬಂದು ಕರಗಿ ಹೋಗುವಂತೆ ಮಾಡಿದ್ದು ಅವರ ಹೆಗ್ಗಳಿಕೆ. ಆಗ ಹೊರಬಂದ ಎಲ್‌ಪಿಯಲ್ಲಿದ್ದದ್ದು ಮರುವಾದನ, ಜೊತೆಗೆ ನಟ ಜಾರ್ಜ್ ಸಿ. ಸ್ಕಾಟ್ ಅವರ ಭಾಷಣ. ಚಿತ್ರಕ್ಕಾಗಿಯೇ ನುಡಿಸಿದ ಮೂಲ ಮುದ್ರಣ ಫಿಲ್ಮ್ ಸ್ಕೋರ್ ಮಂತ್ಲಿ ಸಂಸ್ಥೆಯ ಸಿಡಿಯಲ್ಲಿ ಕೇಳುಗರ ಕೈಗೆ ಬಂದದ್ದು 1999ರಲ್ಲಿ.

ಮರುಬಿಡುಗಡೆ ಅಂದರೆ ಹಳೇ ಸರಕಿಗೆ ಹೊಸ ಕವರ್ ಹಾಕಿ ಮಾರುವುದಲ್ಲವೇ?

ಅಂಥವೂ ಇವೆ, ಅವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಆದರೆ ಒಳ್ಳೆಯ ಮರುಬಿಡುಗಡೆಯೆಂದರೆ ಉಗ್ರಾಣದಲ್ಲಿದ್ದ ಮೂಲ ಟೇಪುಗಳನ್ನು ಹುಡುಕಿ ತೆಗೆದು, ಹಿಂದೆ ಬಿಟ್ಟುಹೋದ ಭಾಗಗಳನ್ನು ಸೇರಿಸಿ, ಯಾವ ಭಾಗ ಎಲ್ಲಿಂದ ಬಂತು ಎಂಬುದನ್ನು ಪುಸ್ತಿಕೆಯಲ್ಲಿ ಬರೆದು ಕೊಟ್ಟದ್ದು. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯ ಹಳೆಯ ಆಲ್ಬಮ್‌ನಲ್ಲಿ 11 ತುಣುಕುಗಳಿದ್ದವು, 2004ರ ಮರುಬಿಡುಗಡೆಯಲ್ಲಿ 21 ಆದವು. ಎನ್ನಿಯೋ ಮೊರಿಕೋನೆಯವರ ಆ ಕೃತಿಯನ್ನು ಬಾಯಿಪಾಠ ಬಲ್ಲೆವೆಂದುಕೊಂಡಿದ್ದವರಿಗೂ ಅದು ಹೊಸ ಕೃತಿಯಂತೆ ಕೇಳಿಸಿತು.

ಯುದ್ಧದ ಚಿತ್ರ, ನಗಿಸುವ ಕೌಬಾಯ್ ಚಿತ್ರ, ಎರಡನ್ನೂ ಒಂದೇ ಕಪಾಟಿನಲ್ಲಿ ಯಾಕೆ ಇಟ್ಟಿದ್ದೀರಿ?

ಎರಡಕ್ಕೂ ಸಂಗೀತ ಬರೆದವರು ಅದೇ ಸಂಯೋಜಕರು ಎಂಬ ಕಾರಣಕ್ಕೆ. ಜಾನ್ ಸ್ಟರ್ಜಸ್ ನಿರ್ದೇಶಿಸಿದ ‘ದಿ ಗ್ರೇಟ್ ಎಸ್ಕೇಪ್’ (1963) ಎಂಬ ಯುದ್ಧಕೈದಿಗಳ ಕತೆಗೂ, ಎರಡೇ ವರ್ಷದ ನಂತರ ಅವರೇ ನಿರ್ದೇಶಿಸಿದ, ವಿಸ್ಕಿ ತುಂಬಿದ ಗಾಡಿಗಳ ಹಿಂದೆ ಸೈನಿಕರೂ ಮದ್ಯವಿರೋಧಿ ಹೆಂಗಸರೂ ಬೀಳುವ ‘ದಿ ಹಲ್ಲೆಲೂಯಾ ಟ್ರೇಲ್’ಗೂ ಸಂಗೀತ ಎಲ್ಮರ್ ಬರ್ನ್‌ಸ್ಟೀನ್ ಅವರದು. ‘ಕ್ಯಾಟ್ ಬಲ್ಲೂ’ (1965) ಮತ್ತು ‘ದಿ ಡರ್ಟಿ ಡಜನ್’ (1967) ಎರಡಕ್ಕೂ ಫ್ರಾಂಕ್ ಡಿವೋಲ್ ಬರೆದರು. ಈ ಎರಡು ಲೋಕಗಳು ಒಂದೇ ದೃಶ್ಯದಲ್ಲಿ ಕೈಕುಲುಕುವುದನ್ನು ನೋಡಬೇಕಾದರೆ 1970ರ ‘ಕೆಲ್ಲೀಸ್ ಹೀರೋಸ್’ ನೋಡಿ. ಜರ್ಮನ್ ಟೈಗರ್ ಟ್ಯಾಂಕಿನ ಎದುರು ಕ್ಲಿಂಟ್ ಈಸ್ಟ್‌ವುಡ್ ಮತ್ತಿಬ್ಬರು ನಿಧಾನವಾಗಿ ಹೆಜ್ಜೆ ಹಾಕಿಕೊಂಡು ಬರುವಾಗ, ಲಾಲೋ ಶಿಫ್ರಿನ್ ಇಟಲಿಯ ಕೌಬಾಯ್ ಚಿತ್ರಗಳ ಧಾಟಿಯನ್ನು ಥಟ್ಟನೆ ಎತ್ತಿಕೊಳ್ಳುತ್ತಾರೆ. ಮೊರಿಕೋನೆಯನ್ನು ಬಲ್ಲವರು ಅಲ್ಲಿ ನಗುತ್ತಾರೆ, ಬಲ್ಲದವರೂ ನಗುತ್ತಾರೆ.

ನಗೆಚಿತ್ರಕ್ಕೆ ಅಷ್ಟೊಂದು ಗಂಭೀರವಾದ ಸಂಗೀತ ಯಾಕೆ? ತಮಾಷೆಯಾಗಿ ಬಾರಿಸಬಹುದಿತ್ತಲ್ಲ?

ಸಂಗೀತವೂ ಹಲ್ಲು ಕಿರಿದರೆ ನಗೆ ಸಾಯುತ್ತದೆ. ಪರದೆಯ ಮೇಲೆ ಎಂಥ ಹುಚ್ಚಾಟ ನಡೆದರೂ ಹಿನ್ನೆಲೆಯ ವಾದ್ಯಮೇಳ ಮಾತ್ರ ಇದೊಂದು ಮಹಾಕಾವ್ಯವೆಂಬ ನಂಬಿಕೆಯಿಂದ ನುಡಿಯಬೇಕು. ಆಗಲೇ ಆ ಎರಡರ ನಡುವಿನ ಅಂತರದಲ್ಲಿ ನಗು ಹುಟ್ಟುವುದು. ಮೆಲ್ ಬ್ರೂಕ್ಸ್ ‘ಬ್ಲೇಜಿಂಗ್ ಸ್ಯಾಡಲ್ಸ್’ (1974) ಚಿತ್ರದ ಶೀರ್ಷಿಕೆಗೀತೆಗೆ ಫ್ರ್ಯಾಂಕಿ ಲೇನ್ ಅವರಂಥ ಕಂಠ ಬೇಕೆಂದು ಹುಡುಕಿದಾಗ ಸ್ವತಃ ಫ್ರ್ಯಾಂಕಿ ಲೇನ್ ಅವರೇ ಬಂದರು. ಹಲವು ಗಂಭೀರ ಕೌಬಾಯ್ ಚಿತ್ರಗಳ ಶೀರ್ಷಿಕೆಗೀತೆಗಳನ್ನು ಹಾಡಿದ್ದ ಅವರಿಗೆ ಇದು ಅಣಕವೆಂದು ಯಾರೂ ಹೇಳಲಿಲ್ಲ. ಎದೆತುಂಬಿ ಹಾಡಿದರು. ಚಾಟಿಯೇಟಿನ ಸದ್ದಿನ ನಡುವೆ ಆ ಕಂಠ ಏರುವುದನ್ನು ಕೇಳಿದಾಗ ಇಂದಿಗೂ ನನಗೆ ನಗುವಿನ ಜೊತೆಗೆ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಹಾಡಿದವರಲ್ಲಿ ಎಳ್ಳಷ್ಟೂ ಕಪಟವಿಲ್ಲ. ಜಾನ್ ಮೋರಿಸ್ ಅವರ ಈ ಸಂಗೀತ ಆಲ್ಬಮ್ ಆಗಿ ಬರಲು ಮೂರು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಅದನ್ನು 2008ರಲ್ಲಿ ಹೊರತಂದಿತು.

## ಕೊಳ್ಳುವ ಮುನ್ನ

‘ಮ್ಯಾಗ್ನಿಫಿಸೆಂಟ್ ಸೆವೆನ್’ನ 1960ರ ಒರಿಜಿನಲ್ ಎಲ್‌ಪಿ ಎಲ್ಲಿ ಸಿಗುತ್ತದೆ?

ಎಲ್ಲಿಯೂ ಸಿಗುವುದಿಲ್ಲ, ಯಾಕೆಂದರೆ ಅದು ಹೊರಬರಲೇ ಇಲ್ಲ. ಜಗತ್ತಿನಲ್ಲಿ ಇಷ್ಟು ಪರಿಚಿತವಾದ ಕೌಬಾಯ್ ರಾಗ ಇನ್ನೊಂದಿಲ್ಲದಿದ್ದರೂ ಚಿತ್ರ ಬಂದಾಗ ಅದರ ಆಲ್ಬಮ್ ಬರಲಿಲ್ಲ. 1966ರಲ್ಲಿ ಮುಂದಿನ ಭಾಗವಾದ ‘ರಿಟರ್ನ್ ಆಫ್ ದಿ ಸೆವೆನ್’ ಬಂದಾಗ ಬರ್ನ್‌ಸ್ಟೀನ್ ಮೊದಲ ಚಿತ್ರದ ಸಂಗೀತವನ್ನೇ ಮತ್ತೆ ನುಡಿಸಿದರು, ಅದು ಎಲ್‌ಪಿಯಾಯಿತು, ಜನ ಅದನ್ನೇ ಮೊದಲನೆಯದೆಂದು ಕೊಂಡರು. 1960ರ ಮೂಲ ಮುದ್ರಣವನ್ನು ರೈಕೋಡಿಸ್ಕ್ ಸಂಸ್ಥೆ ಹೊರತಂದದ್ದು 1998ರಲ್ಲಿ, ಚಿತ್ರ ಬಂದು 38 ವರ್ಷಗಳ ಮೇಲೆ. ಯಾರಾದರೂ ‘1960ರ ಮೂಲ ಪ್ರತಿ’ ಎಂದು ಹೇಳಿ ದೊಡ್ಡ ಬೆಲೆ ಕೇಳಿದರೆ ಹಣ ಜೇಬಿನಲ್ಲೇ ಇರಲಿ.

ಕವರ್ ಮೇಲೆ ಸಿನಿಮಾದ ಹೆಸರಿದೆ, ಕುದುರೆ ಚಿತ್ರವೂ ಇದೆ. ಆದರೂ ಇದು ಒರಿಜಿನಲ್ ಅಲ್ಲ ಅಂತೀರಲ್ಲ?

ಹೊದಿಕೆಯ ಸಣ್ಣ ಅಕ್ಷರಗಳನ್ನು ಓದಬೇಕು. ‘ಮೂಲ ಚಿತ್ರದ ಧ್ವನಿಪಥ’ ಎಂಬ ಅರ್ಥದ ಮಾತಿದೆಯೇ, ಅಥವಾ ಬರೀ ‘ಚಿತ್ರದ ಸಂಗೀತ’ ಎಂದಿದೆಯೇ? ಸಂಯೋಜಕನ ಹೆಸರಿಗಿಂತ ದೊಡ್ಡದಾಗಿ ಬೇರೊಂದು ವಾದ್ಯಮೇಳದ ಹೆಸರಿದ್ದರೆ ಅದು ಬೇರೆಯವರು ನುಡಿಸಿದ ಅನುಕರಣೆ. 1968ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ರಾಗ ಮೊರಿಕೋನೆಯವರ ಮುದ್ರಣವಲ್ಲ, ಹ್ಯೂಗೋ ಮಾಂಟೆನೆಗ್ರೊ ಅವರದು. ಅನುಕರಣೆಗಳೆಲ್ಲ ಕೀಳು ಎಂದು ನಾನು ಹೇಳುತ್ತಿಲ್ಲ. ಮಾಂಟೆನೆಗ್ರೊ ಅವರದು ಸೊಗಸಾಗಿಯೇ ಇದೆ. ಯಾವುದನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಳ್ಳಬೇಕು, ಅಷ್ಟೆ.

ಕ್ವಾಯ್ ನದಿ ಸೇತುವೆಯ ಆ ಶಿಳ್ಳೆ ರಾಗ ಮಾಲ್ಕಮ್ ಆರ್ನಾಲ್ಡ್ ಅವರದ್ದೇ?

ಅಲ್ಲ. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಎಂಬ ಯುದ್ಧಚಿತ್ರಕ್ಕೆ ಸಂಗೀತ ಬರೆದವರು ಆರ್ನಾಲ್ಡ್, ಆದರೆ ಅದರಲ್ಲಿ ಕೈದಿಗಳು ಹರಿದ ಬೂಟುಗಳಲ್ಲಿ ನಡೆದು ಬರುತ್ತ ಶಿಳ್ಳೆ ಹಾಕುವುದು ‘ಕರ್ನಲ್ ಬೋಗಿ’ಯನ್ನು, ಅದು ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸೇನಾ ಬ್ಯಾಂಡ್‌ಮಾಸ್ಟರ್ ಒಬ್ಬರ 1914ರ ನಡೆಗೀತ. ಆರ್ನಾಲ್ಡ್ ಮಾಡಿದ ಜಾಣತನವೆಂದರೆ, ಆ ರಾಗದೊಂದಿಗೆ ಜೊತೆಜೊತೆಯಾಗಿ ನುಡಿಸಬಹುದಾದ ತಮ್ಮದೇ ಇನ್ನೊಂದು ನಡೆಗೀತವನ್ನು ಹೆಣೆದದ್ದು. ಎರಡನ್ನೂ ಬೆಸೆದ ಮಿಚ್ ಮಿಲ್ಲರ್ ಅವರ ತಟ್ಟೆ ಮನೆಮಾತಾದ್ದರಿಂದ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಬೆಳೆಯಿತು. ಆಲ್ಬಮ್ ಕೊಳ್ಳುವಾಗ ತುಣುಕುಗಳ ಪಟ್ಟಿಯಲ್ಲಿ ಎರಡೂ ಹೆಸರುಗಳಿವೆಯೇ ಎಂದು ನೋಡಿಕೊಳ್ಳಿ.

ಒಂದು ಸಿಡಿಗೆ ಇಷ್ಟು ಬೆಲೆಯೇ? ಮೂರೇ ಸಾವಿರ ಪ್ರತಿ ಅಚ್ಚು ಹಾಕುವುದು ಬೇಕೆಂದೇ ಮಾಡುವ ಕೊರತೆಯಲ್ಲವೇ?

ಕೊರತೆ ಸೃಷ್ಟಿಸಿ ಬೆಲೆ ಏರಿಸುವವರು ಎರಡನೆಯ ಕೈಯ ಮಾರಾಟಗಾರರು. ಸಂಸ್ಥೆಗಳ ಮಿತಿಗೆ ಬೇರೆ ಕಾರಣವಿದೆ. ಅಮೆರಿಕದ ವಾದ್ಯಗಾರರ ಒಕ್ಕೂಟದ ನಿಯಮದಂತೆ, ಚಿತ್ರಕ್ಕೆಂದು ನುಡಿಸಿದ್ದನ್ನು ತಟ್ಟೆಯಾಗಿ ಮಾರಬೇಕಾದರೆ ಅಂದು ನುಡಿಸಿದ ಎಲ್ಲ ವಾದ್ಯಗಾರರಿಗೂ ಮತ್ತೆ ಸಂಭಾವನೆ ಸಲ್ಲಬೇಕು. ಎಂಬತ್ತು ಜನರ ಮೇಳವೆಂದರೆ ಎಂಬತ್ತು ಸಂಭಾವನೆ. ಹಳೆಯ ಎಲ್‌ಪಿಗಳು ಚಿಕ್ಕವಾಗಿದ್ದುದಕ್ಕೂ, ಅನೇಕ ಸಂಗೀತಗಳು ಉಗ್ರಾಣದಲ್ಲೇ ಕೊಳೆತದ್ದಕ್ಕೂ ಈ ಖರ್ಚು ಒಂದು ಮುಖ್ಯ ಕಾರಣ. ಕೆಲವೇ ಸಾವಿರ ಪ್ರತಿಗಳ ಮಿತಿಯೊಳಗೆ ಅಚ್ಚು ಹಾಕಿದರೆ ರಿಯಾಯಿತಿ ದರ ಅನ್ವಯಿಸುತ್ತದೆ ಎಂಬ ಏರ್ಪಾಡು ಬಂದ ಮೇಲೆಯೇ ಈ ಮರುಬಿಡುಗಡೆಗಳ ಕಾಲ ಆರಂಭವಾದದ್ದು. ಅದರ ಮೇಲೆ ಸ್ಟುಡಿಯೋಗೆ ಹಕ್ಕಿನ ಹಣ, ಟೇಪು ವರ್ಗಾವಣೆ, ಪುಸ್ತಿಕೆಯ ಬರವಣಿಗೆ ಸೇರುತ್ತವೆ. ನಮ್ಮಲ್ಲಿಗೆ ತರಿಸುವವರು ಅಂಚೆ ವೆಚ್ಚವನ್ನೂ ಆಮದು ಸುಂಕವನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಇಬ್ಬರು ಮೂವರು ಸೇರಿ ಒಟ್ಟಿಗೆ ತರಿಸಿದರೆ ಅಂಚೆ ವೆಚ್ಚ ಹಂಚಿಹೋಗುತ್ತದೆ.

‘ಟ್ರಿನಿಟಿ’ ಚಿತ್ರಗಳ ಸಂಗೀತವೆಲ್ಲ ಮೊರಿಕೋನೆಯದ್ದೇ ಅಲ್ಲವೇ?

ಶಿಳ್ಳೆ ಕೇಳಿಸಿದರೆ ಸಾಕು, ಎಲ್ಲವನ್ನೂ ಮೊರಿಕೋನೆಯ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ನಮ್ಮದು. 1970ರ ‘ದೇ ಕಾಲ್ ಮಿ ಟ್ರಿನಿಟಿ’ ಎಂಬ ಇಟಲಿಯ ಹಾಸ್ಯದ ಕೌಬಾಯ್ ಚಿತ್ರಕ್ಕೆ ಬರೆದವರು ಫ್ರಾಂಕೊ ಮಿಕಲಿಜ್ಜಿ. ನಾಯಕ ನಟ ಟೆರೆನ್ಸ್ ಹಿಲ್ ಕುದುರೆಗೆ ಕಟ್ಟಿದ ಚೌಕಟ್ಟಿನ ಮೇಲೆ ಮಲಗಿಕೊಂಡು ಮರುಭೂಮಿಯ ಧೂಳಿನಲ್ಲಿ ಎಳೆಯಿಸಿಕೊಂಡು ಹೋಗುವಾಗ ಬರುವ ಆ ಸೋಮಾರಿ ಹಾಡು 2012ರ ‘ಜ್ಯಾಂಗೊ ಅನ್‌ಚೈನ್ಡ್’ನಲ್ಲಿ ಮತ್ತೆ ಕೇಳಿಸಿದ ಮೇಲೆ ಹೊಸ ತಲೆಮಾರಿಗೂ ಗೊತ್ತಾಯಿತು. ಮರುವರ್ಷದ ಎರಡನೆಯ ಭಾಗಕ್ಕೆ ಸಂಗೀತ ಗ್ವಿಡೊ ಮತ್ತು ಮೌರಿಜಿಯೊ ಡಿ ಆಂಜೆಲಿಸ್ ಸಹೋದರರದು. ಮೊರಿಕೋನೆಯ ನಗೆ ಬೇಕಾದವರು 1973ರ ‘ಮೈ ನೇಮ್ ಈಸ್ ನೋಬಡಿ’ ಹುಡುಕಬೇಕು. ನೂರೈವತ್ತು ಸವಾರರ ದಂಡು ಬಯಲಿನಲ್ಲಿ ನುಗ್ಗಿ ಬರುವಾಗ ಅವರು ಒಪೆರಾ ಸಂಯೋಜಕ ವ್ಯಾಗ್ನರನ ‘ವಾಲ್ಕೀರಿಗಳ ಸವಾರಿ’ಯ ರಾಗವನ್ನು ನಡುವೆ ತೂರಿಸುತ್ತಾರೆ. ಒಮ್ಮೆ ಕೇಳಿದ ಮೇಲೆ ಮೂಲ ಒಪೆರಾ ಕೇಳುವಾಗಲೂ ತುಟಿಯಂಚಿನಲ್ಲಿ ನಗು ಬರುತ್ತದೆ.

ಮಲೆನಾಡಿನವರು ನಾವು. ಮಳೆಗಾಲದಲ್ಲಿ ಎಲ್‌ಪಿಗೆ ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ?

ಶುದ್ಧೀಕರಿಸಿದ ನೀರಿಗೆ ಒಂದೆರಡು ತೊಟ್ಟು ಮೃದುವಾದ ಪಾತ್ರೆ ತೊಳೆಯುವ ದ್ರವ ಹಾಕಿ, ನುಣುಪಾದ ಬಟ್ಟೆಯನ್ನು ಅದ್ದಿ ಹಿಂಡಿ, ಗೀರುಗಳ ಗುಂಟ ಸುತ್ತಲೂ ಒರೆಸಬೇಕು. ಅಡ್ಡಡ್ಡ ಒರೆಸಬಾರದು, ನಡುವಿನ ಕಾಗದಕ್ಕೆ ನೀರು ತಾಗಬಾರದು. ಆಮೇಲೆ ಬರೀ ಶುದ್ಧ ನೀರಿನಿಂದ ಒರೆಸಿ ನೆರಳಿನಲ್ಲಿ ಆರಿಸಿ. ಹಳೆಯ ಒಳಹೊದಿಕೆಯಲ್ಲೇ ಬೂಷ್ಟಿನ ಬೀಜ ಉಳಿದಿರುತ್ತದೆ, ಅದನ್ನು ಎಸೆದು ಹೊಸದು ಹಾಕಿ. ತಟ್ಟೆಗಳನ್ನು ನಿಲ್ಲಿಸಿಡಬೇಕು, ಒಂದರ ಮೇಲೊಂದು ಪೇರಿಸಬಾರದು. ಅಜ್ಜನ ಕಾಲದ ಅರಗಿನ ತಟ್ಟೆಗಳಿದ್ದರೆ ಅವಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ.

## ಆಳಕ್ಕಿಳಿದವರಿಗೆ

ನನ್ನ ಎಲ್‌ಪಿ ಮೇಲೆ ‘ಸ್ಟೀರಿಯೊ’ ಅಂತಿದೆ, ಆದರೆ ಯಾಕೋ ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಏನು ಕಾರಣ?

ಅದು ಬಹುಶಃ ಹುಸಿ ಸ್ಟೀರಿಯೊ. ಎರಡು ಧ್ವನಿವರ್ಧಕಗಳು ಮನೆಮನೆಗೆ ಬಂದ ಕಾಲದಲ್ಲಿ, ಒಂದೇ ದಾರಿಯ (ಮೋನೊ) ಹಳೆಯ ಮುದ್ರಣಗಳನ್ನು ಮಾರಲು ಸಂಸ್ಥೆಗಳು ಒಂದು ಉಪಾಯ ಹೂಡಿದವು: ಕೀರಲು ಸ್ವರಗಳನ್ನು ಒಂದು ಕಡೆಗೂ ಗಡಸು ಸ್ವರಗಳನ್ನು ಇನ್ನೊಂದು ಕಡೆಗೂ ತಳ್ಳಿ, ಒಂದನ್ನು ಕ್ಷಣದ ಒಂದಂಶದಷ್ಟು ತಡಮಾಡುವುದು. ಕ್ಯಾಪಿಟಲ್ ಸಂಸ್ಥೆ ಇದನ್ನು ‘ಡ್ಯುವೊಫೋನಿಕ್’ ಎಂಬ ಹೆಸರಿನಲ್ಲಿ ಮಾರಿತು. ನಾನು ಮೊದಲು ಕೊಂಡ ಯುದ್ಧಚಿತ್ರದ ಎಲ್‌ಪಿ ಇಂಥದ್ದೇ; ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಾತ ಅಪ್ಪಟ ಸ್ಟೀರಿಯೊ ಎಂದು ಆಣೆಯಿಟ್ಟು ಕೊಟ್ಟಿದ್ದ. ಮನೆಗೆ ತಂದು ಮುಳ್ಳು ಇಳಿಸಿದರೆ ಡೋಲು ಎಡಗಡೆ ಗುಡುಗುತ್ತಿತ್ತು, ಅದೇ ಡೋಲಿನ ಚರ್ಮದ ಸದ್ದು ಬಲಗಡೆ ಪಟಪಟಿಸುತ್ತಿತ್ತು. ಪರೀಕ್ಷೆ ಸುಲಭ: ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ. ನಿಜವಾದ ಸ್ಟೀರಿಯೊ ನಡುವೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ, ಹುಸಿಯದು ಟೊಳ್ಳಾಗುತ್ತದೆ. ಇಂಥ ಪ್ರತಿಗಿಂತ ಪ್ರಾಮಾಣಿಕವಾದ ಮೋನೊ ಮರುಬಿಡುಗಡೆ ಎಷ್ಟೋ ಮೇಲು.

ಟೇಪು ಇದ್ದರೂ ಕೆಲವು ಭಾಗ ಕೆಟ್ಟು ಹೋಗಿದೆ ಅಂತ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಉಗ್ರಾಣದಲ್ಲಿದ್ದದ್ದು ಹೇಗೆ ಕೆಡುತ್ತದೆ?

ಆ ಕಾಲದ ಚಿತ್ರಸಂಗೀತವನ್ನು ಬಹಳಷ್ಟು ಸಲ ಕಾಂತೀಯ ಲೇಪದ 35 ಮಿಲಿಮೀಟರ್ ಫಿಲ್ಮಿನ ಮೇಲೆ, ಎಡ, ನಡು, ಬಲ ಎಂಬ ಮೂರು ದಾರಿಗಳಲ್ಲಿ ಮುದ್ರಿಸುತ್ತಿದ್ದರು. ಈ ಫಿಲ್ಮಿನ ಅಸಿಟೇಟ್ ತಳ ಬಿಸಿಗೂ ತೇವಕ್ಕೂ ಸಿಕ್ಕಿ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅಂದರೆ ಅಡುಗೆಮನೆಯ ವಿನಿಗರ್. ಡಬ್ಬಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯುವ ಹುಳಿವಾಸನೆಯೇ ರೋಗದ ಲಕ್ಷಣ. ಆ ವಾಸನೆಯೇ ಪಕ್ಕದ ಸುರುಳಿಗೂ ರೋಗ ಹಬ್ಬಿಸುತ್ತದೆ. ಫಿಲ್ಮು ಕುಗ್ಗುತ್ತದೆ, ಸುರುಟುತ್ತದೆ, ಕೊನೆಗೆ ಯಂತ್ರದ ತಲೆಗೆ ಸರಿಯಾಗಿ ತಾಗದೆ ಸ್ವರ ಅಲ್ಲಾಡುತ್ತದೆ. ಆಗ ಸಂಪಾದಕರು ಬೇರೆಲ್ಲಿಯಾದರೂ ಮೋನೊ ಪ್ರತಿ ಇದೆಯೇ, ಸಂಭಾಷಣೆಯಿಲ್ಲದ ಸಂಗೀತ-ಸದ್ದಿನ ಪಥ ಉಳಿದಿದೆಯೇ ಎಂದು ಹುಡುಕಿ ತೇಪೆ ಹಾಕುತ್ತಾರೆ. ಬೆಂಕಿಯ ಮಾತು ಬೇರೆಯೇ ಇದೆ: 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬಿದ್ದ ಬೆಂಕಿ ಅಪಾರ ಸಂಗೀತದ ಮೂಲ ಟೇಪುಗಳನ್ನು ನುಂಗಿತು. ಈ ಕೆಲಸ ಇನ್ನಷ್ಟು ವರ್ಷ ಕಾಯಬಹುದು ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುವುದು ಇದಕ್ಕೇ.

ಪುಸ್ತಿಕೆಯಲ್ಲಿ 1ಎಂ1, 7ಎಂ2 ಅಂತ ಗುರುತುಗಳಿರುತ್ತವೆ. ಅವು ಏನು?

ಮೊದಲ ಅಂಕಿ ಚಿತ್ರದ ಎಷ್ಟನೆಯ ಸುರುಳಿ ಎಂಬುದನ್ನೂ, ‘ಎಂ’ ಸಂಗೀತ ಎಂಬುದನ್ನೂ, ಕೊನೆಯ ಅಂಕಿ ಆ ಸುರುಳಿಯ ಎಷ್ಟನೆಯ ತುಣುಕು ಎಂಬುದನ್ನೂ ಹೇಳುತ್ತದೆ. ಗುರುತುಗಳ ನಡುವೆ ಒಂದು ಸಂಖ್ಯೆ ಹಾರಿಹೋಗಿದ್ದರೆ ಅಲ್ಲೊಂದು ತುಣುಕು ಬಿಟ್ಟುಹೋಗಿದೆ ಎಂದರ್ಥ: ಬರೆದೂ ನುಡಿಸದೆ ಇದ್ದದ್ದೋ, ನುಡಿಸಿಯೂ ಚಿತ್ರದಿಂದ ತೆಗೆದದ್ದೋ, ಟೇಪು ಸಿಗದೆ ಹೋದದ್ದೋ. ಒಳ್ಳೆಯ ಪುಸ್ತಿಕೆ ಅದು ಯಾವುದೆಂದು ಹೇಳುತ್ತದೆ.

ಹೊಸ ಸಿಡಿ ಹಳೆಯದಕ್ಕಿಂತ ಜೋರಾಗಿ, ಸ್ವಚ್ಛವಾಗಿ ಕೇಳಿಸುತ್ತದೆ. ಹಾಗಾದರೆ ಅದೇ ಉತ್ತಮ ಅಲ್ಲವೇ?

ಜೋರು ಬೇರೆ, ಚೆನ್ನು ಬೇರೆ. ರಾನ್ ಗುಡ್ವಿನ್ ಅವರ ‘ವೇರ್ ಈಗಲ್ಸ್ ಡೇರ್’ (1968) ಶೀರ್ಷಿಕೆ ಸಂಗೀತವನ್ನು ತೆಗೆದುಕೊಳ್ಳಿ. ಹಿಮದ ಬೆಟ್ಟಗಳ ಮೇಲೆ ದೂರದಲ್ಲೆಲ್ಲೋ ಒಂದೇ ಒಂದು ಸ್ನೇರ್ ಡೋಲು ಮೆಲ್ಲಗೆ ಶುರುವಾಗಿ, ವಿಮಾನ ಹತ್ತಿರ ಬಂದಂತೆ ವಾದ್ಯಗಳು ಒಂದರ ಬೆನ್ನು ಹಿಡಿದು ಇನ್ನೊಂದು ಸೇರಿಕೊಂಡು ಕೊನೆಗೆ ಇಡೀ ಮೇಳ ಗರ್ಜಿಸುತ್ತದೆ. ಮೆಲುದನಿಯನ್ನು ಎತ್ತಿ, ಏರುದನಿಯನ್ನು ಅಮುಕಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರೆ ಆ ಬರುವಿಕೆಯೇ ಮಾಯವಾಗುತ್ತದೆ. ಟೇಪಿನ ಸೊಂಯ್‌ಗುಟ್ಟುವಿಕೆಯನ್ನು ಪೂರ್ತಿ ಅಳಿಸುವ ಹಟವೂ ಇಷ್ಟೇ ಅಪಾಯದ್ದು. ಅದರೊಂದಿಗೆ ಕೊಳಲಿನವರ ಉಸಿರು, ತ್ರಿಕೋನ ವಾದ್ಯದ ಝಣಕಾರ, ಸಭಾಂಗಣದ ಗಾಳಿ ಎಲ್ಲವೂ ಹೋಗುತ್ತವೆ. ತುಸು ಸದ್ದಿರುವ ಮುದ್ರಣದಲ್ಲಿ ಮನುಷ್ಯರು ಕೂತು ನುಡಿಸುತ್ತಿದ್ದಾರೆಂದು ತಿಳಿಯುತ್ತದೆ.

ಮೂಲ ಟೇಪು ಸರಿಯಿಲ್ಲದಾಗ ಹೊಸ ಮೇಳದಿಂದ ನುಡಿಸಿದ್ದನ್ನು ಕೊಳ್ಳಬಹುದೇ?

ಧಾರಾಳವಾಗಿ ಕೊಳ್ಳಬಹುದು, ಸ್ವರಲಿಪಿಯನ್ನು ನಂಬಿಕೆಯಿಂದ ಅನುಸರಿಸಿದ್ದರೆ. ಡಿಮಿಟ್ರಿ ಟಿಯೊಮ್ಕಿನ್ ಅವರ ‘ದಿ ಗನ್ಸ್ ಆಫ್ ನ್ಯಾವರೋನ್’ (1961) ಸಂಗೀತವನ್ನು ಲಂಡನ್ನಿನ ಟ್ಯಾಡ್ಲೊ ಸಂಸ್ಥೆಗಾಗಿ ಸಿಟಿ ಆಫ್ ಪ್ರಾಗ್ ಫಿಲ್‌ಹಾರ್ಮೋನಿಕ್ ಮೇಳ ನಿಕ್ ರೇನ್ ಅವರ ನಿರ್ದೇಶನದಲ್ಲಿ ನುಡಿಸಿದೆ. ಅಂದಿನ ಮುದ್ರಣದಲ್ಲಿ ಗುಂಡಿನ ಸದ್ದಿನಡಿ ಹೂತುಹೋಗಿದ್ದ ವಾದ್ಯರಚನೆ ಅದರಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹಾಗಿದ್ದರೂ ಸಂಯೋಜಕರೇ ನಿಂತು ನಡೆಸಿದ ಮೂಲದ ಲಯದಲ್ಲಿ ಒಂದು ತುರ್ತು ಇರುತ್ತದೆ; ಎರಡೂ ಸಿಗುವಾಗ ನನ್ನ ಕೈ ಮೊದಲು ಹೋಗುವುದು ಮೂಲದ ಕಡೆಗೆ.

‘ಬ್ಯಾಟಲ್ ಆಫ್ ಬ್ರಿಟನ್’ ಸಿಡಿಯಲ್ಲಿ ಇಬ್ಬರ ಸಂಗೀತ ಯಾಕಿದೆ? ಯಾವುದನ್ನು ನಿಜವಾದದ್ದು ಅಂತ ತಿಳಿಯಬೇಕು?

1969ರ ಈ ಚಿತ್ರಕ್ಕೆ ಮೊದಲು ಬರೆದವರು ಇಂಗ್ಲೆಂಡಿನ ಹಿರಿಯ ಸಂಯೋಜಕ ಸರ್ ವಿಲಿಯಂ ವಾಲ್ಟನ್. ಇಟಲಿಯ ಇಸ್ಕಿಯಾ ದ್ವೀಪದಲ್ಲಿ ನೆಲೆಸಿದ್ದ ಅವರಿಗೆ ಆಗ ಅರವತ್ತಾರರ ಪ್ರಾಯ. ವಾದ್ಯರಚನೆಗೆ ನೆರವಾಗಿ, ಡೆನಮ್ ಸ್ಟುಡಿಯೊದಲ್ಲಿ ಮೇಳವನ್ನು ನಡೆಸಿಕೊಟ್ಟವರು ಗೆಳೆಯ ಮಾಲ್ಕಮ್ ಆರ್ನಾಲ್ಡ್. ಮುದ್ರಣವೆಲ್ಲ ಮುಗಿದ ಮೇಲೆ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಅದನ್ನು ಬೇಡವೆಂದಿತು. ಕೊಟ್ಟ ಕಾರಣಗಳಲ್ಲಿ ಒಂದು, ಎಲ್‌ಪಿ ತುಂಬುವಷ್ಟು ಸಂಗೀತ ಇದರಲ್ಲಿಲ್ಲ ಎಂಬುದು. ಒಂದು ತಟ್ಟೆಯ ಎರಡು ಬದಿ ತುಂಬಲಿಲ್ಲವೆಂದು ಅಂಥ ಕೃತಿಯನ್ನು ಪಕ್ಕಕ್ಕಿಟ್ಟರೆಂಬುದನ್ನು ನೆನೆದಾಗ ಈಗಲೂ ಹೊಟ್ಟೆ ಕಿವುಚುತ್ತದೆ. ರಾನ್ ಗುಡ್ವಿನ್ ಅವರಿಗೆ ಹೊಸದಾಗಿ ಬರೆಯಲು ಹೇಳಿದರು; ಕಡಿಮೆ ಸಮಯದಲ್ಲಿ ಅವರು ಬರೆದದ್ದೂ ಗಟ್ಟಿ ಕೆಲಸವೇ, ಅದರ ಆರಂಭದ ನಡೆಗೀತವನ್ನು ಸೇನಾ ಬ್ಯಾಂಡುಗಳು ಇಂದಿಗೂ ನುಡಿಸುತ್ತವೆ. ಚಿತ್ರದಲ್ಲಿ ಬ್ರಿಟಿಷ್ ವಾಯುಸೇನೆಯ ಯುದ್ಧವಿಮಾನ ವಿಭಾಗದ (ಫೈಟರ್ ಕಮಾಂಡ್) ಮುಖ್ಯಸ್ಥ ಡೌಡಿಂಗ್ ಪಾತ್ರ ವಹಿಸಿದ್ದ ಲಾರೆನ್ಸ್ ಒಲಿವಿಯೆ ಮಾತ್ರ ಸುಮ್ಮನಿರಲಿಲ್ಲ. ವಾಲ್ಟನ್ ಅವರ ಸಂಗೀತ ಒಂದಿಷ್ಟಾದರೂ ಉಳಿಯದಿದ್ದರೆ ತಮ್ಮ ಹೆಸರನ್ನೇ ಚಿತ್ರದಿಂದ ತೆಗೆಯಿರೆಂದು ಪಟ್ಟು ಹಿಡಿದರು. ಹೀಗಾಗಿ ‘ಬ್ಯಾಟಲ್ ಇನ್ ದಿ ಏರ್’ ಎಂಬ ಒಂದು ಭಾಗ ಉಳಿಯಿತು.

ಉಳಿದದ್ದು ಕಳೆದೇಹೋಯಿತೆಂದು ಜನ ನಂಬಿದ್ದರು. ಧ್ವನಿಮುದ್ರಕ ಎರಿಕ್ ಟಾಮ್ಲಿನ್‌ಸನ್ ಅವರು ಟೇಪುಗಳನ್ನು ಎಸೆಯಲು ಬಿಡದೆ ಕಾಪಾಡಿಟ್ಟಿದ್ದರು. ಅವು 1990ರಲ್ಲಿ ಅವರ ಗ್ಯಾರೇಜಿನಲ್ಲಿ ಸಿಕ್ಕವು. ವಾಲ್ಟನ್ ಆಗಲೇ, 1983ರಲ್ಲಿ, ತೀರಿಕೊಂಡಿದ್ದರು. 1999ರಲ್ಲಿ ರೈಕೋಡಿಸ್ಕ್ ಇಬ್ಬರ ಸಂಗೀತವನ್ನೂ ಒಂದೇ ಸಿಡಿಯಲ್ಲಿ ಹೊರತಂದಿತು, ಮುಂದೆ ಬಂದ ಡಿವಿಡಿಯಲ್ಲಿ ಇಡೀ ಚಿತ್ರವನ್ನು ವಾಲ್ಟನ್ ಸಂಗೀತದೊಂದಿಗೆ ನೋಡುವ ಅನುಕೂಲವೂ ಬಂತು. ನಿಜವಾದದ್ದು ಯಾವುದೆಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಗುಡ್ವಿನ್ ಅವರದನ್ನು ಮೊದಲು ಪೂರ್ತಿ ಕೇಳಿ, ಅದು ಚಿತ್ರದ ಸಂಗೀತ. ಆಮೇಲೆ ಚಿತ್ರದ ಕೊನೆಯ ದೊಡ್ಡ ಕಾಳಗವನ್ನು ಹಾಕಿಕೊಳ್ಳಿ. ಅಲ್ಲಿ ಎಂಜಿನ್ನುಗಳ ಮೊರೆತ, ಬಂದೂಕಿನ ಸದ್ದು, ಪೈಲಟ್ಟುಗಳ ಕೂಗು ಎಲ್ಲವೂ ಅಡಗುತ್ತವೆ. ನೀಲಿ ಆಕಾಶದಲ್ಲಿ ಬಿಳಿಯ ಹೊಗೆಗೆರೆಗಳು ಒಂದನ್ನೊಂದು ಕತ್ತರಿಸುತ್ತಿರುತ್ತವೆ, ವಿಮಾನವೊಂದು ಉರಿಯುತ್ತ ಸದ್ದಿಲ್ಲದೆ ಕೆಳಗಿಳಿಯುತ್ತದೆ, ಮತ್ತು ಆ ಕೆಲವು ನಿಮಿಷ ಕೇಳಿಸುವುದು ವಾಲ್ಟನ್ ಒಬ್ಬರೇ.